ನೆಲದೊಳಗಿನ ವಸ್ತುಸಂಗ್ರಹಾಲಯ: ವೇಲ್ಸಿನ ‘ದೊಡ್ಡ ಗಣಿ’ಗೆ ಇಳಿದಾಗ

ವಸ್ತುಸಂಗ್ರಹಾಲಯವೆಂದೊಡನೆ ನಮಗೆ ನೆನಪಾಗುವುದು ಗಾಜಿನ ಕಪಾಟುಗಳು, ಶಿಲಾಶಾಸನಗಳು, ಅರಸರ ಖಡ್ಗಗಳು ಮತ್ತು ‘ಮುಟ್ಟಬಾರದು’ ಎಂಬ ಫಲಕ. ನಾವು ಈಗ ವಾಚಕರಿಗೆ ಪರಿಚಯಿಸಹೊರಟಿರುವ ವಸ್ತುಸಂಗ್ರಹಾಲಯ ಆ ಬಗೆಯದಲ್ಲ. ಅದನ್ನು ನೋಡಲು ಮೆಟ್ಟಿಲು ಹತ್ತಬೇಕಿಲ್ಲ. ಭೂಮಿಯ ಹೊಟ್ಟೆಯೊಳಕ್ಕೆ ಮುನ್ನೂರು ಅಡಿ ಇಳಿಯಬೇಕು. ಅಲ್ಲಿ ಅರಸರ ವಸ್ತುಗಳು ಒಂದೂ ಇಲ್ಲ. ಇರುವುದೆಲ್ಲ ಕೂಲಿಕಾರರ ಬೆವರಿನ ಗುರುತುಗಳು.

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ನಾಡಿನ ದಕ್ಷಿಣಕ್ಕೆ, ಹುಲ್ಲುಗುಡ್ಡಗಳ ನಡುವೆ, ಬ್ಲೇನಾವನ್ ಎಂಬ ಚಿಕ್ಕ ಊರಿದೆ. ಆ ಊರಿನ ಕಲ್ಲಿದ್ದಲ ಗಣಿಗೆ ಇಂಗ್ಲಿಷಿನಲ್ಲಿ ‘ಬಿಗ್ ಪಿಟ್’ ಎಂದೂ ವೆಲ್ಷ್ ಭಾಷೆಯಲ್ಲಿ ‘ಪುಲ್ ಮೌರ್’ ಎಂದೂ ಹೆಸರು. ಎರಡರ ಅರ್ಥವೂ ದೊಡ್ಡ ಗುಂಡಿ ಎಂದೇ. ೧೮೬೦ರಲ್ಲಿ ತೋಡಿದ ಈ ಬಾವಿಯ ಬಾಯಿ ವೃತ್ತಾಕಾರವಾಗಿಲ್ಲ, ಮೊಟ್ಟೆಯಾಕಾರದ್ದು. ಹದಿನೆಂಟು ಅಡಿ ಉದ್ದ, ಹದಿಮೂರು ಅಡಿ ಅಗಲ. ಎರಡು ಬಂಡಿಗಳನ್ನು ಅಕ್ಕಪಕ್ಕದಲ್ಲಿ ಏರಿಳಿಸಬಹುದಾದಷ್ಟು ದೊಡ್ಡದೆಂಬ ಕಾರಣಕ್ಕೆ ಜನ ಆ ಹೆಸರನ್ನಿಟ್ಟರು. ಉಚ್ಛ್ರಾಯ ಕಾಲದಲ್ಲಿ ಇಲ್ಲಿ ಸಾವಿರದ ಮುನ್ನೂರು ಮಂದಿ ದುಡಿಯುತ್ತಿದ್ದರು. ೧೯೮೦ನೆಯ ಫೆಬ್ರುವರಿ ೨ರಂದು ಗಣಿ ಮುಚ್ಚಿತು. ಆಗ ಕೆಲಸ ಕಳೆದುಕೊಂಡವರು ಸುಮಾರು ೨೫೦ ಜನ. ಮೂರು ವರ್ಷಗಳ ತರುವಾಯ, ೧೯೮೩ರಲ್ಲಿ, ಅದೇ ಬಾವಿ ವಸ್ತುಸಂಗ್ರಹಾಲಯವಾಗಿ ಮತ್ತೆ ತೆರೆಯಿತು. ೨೦೦೦ದಲ್ಲಿ ಬ್ಲೇನಾವನ್ ಪರಿಸರವನ್ನು ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ತಾಣವೆಂದು ಮಾನ್ಯಮಾಡಿತು. ಮರುವರ್ಷ ಗಣಿಯು ವೇಲ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಅಂಗವಾಯಿತು.

ಕೆಲವು ವರ್ಷಗಳ ಹಿಂದೆ ನಾವು ದಂಪತಿಗಳು ಕಾರ್ಡಿಫ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಳಿಯಂದಿರು ಒಂದು ಮುಂಜಾನೆ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಜೊತೆಗೆ ಎಂಟು ವರ್ಷದ ಮೊಮ್ಮಗ. ಕೋಟೆ, ಅರಮನೆ, ಸಮುದ್ರತೀರ ಎಲ್ಲವನ್ನೂ ಬಿಟ್ಟು ಕಲ್ಲಿದ್ದಲ ಗುಂಡಿಯಲ್ಲಿ ಏನು ನೋಡುವುದಿದೆ ಎಂಬ ಸಂದೇಹ ನಮ್ಮ ಮನೆಯವರಿಗಿತ್ತು. ಸತ್ಯವಾಗಿ ಹೇಳುವುದಾದರೆ ನಮಗೂ ಇತ್ತು.

ಬಾವಿಯ ಬಾಯಲ್ಲಿ ಮೊದಲು ನಡೆದದ್ದು ತಪಾಸಣೆ. ಬೆಂಕಿಪೊಟ್ಟಣ, ಲೈಟರು, ಸೆಲ್ಲಿನಿಂದ ನಡೆಯುವ ಕೈಗಡಿಯಾರ, ಮೊಬೈಲು, ಕ್ಯಾಮರಾ ಎಲ್ಲವನ್ನೂ ಒಪ್ಪಿಸಿ ಬಿಡಬೇಕು. ಕಲ್ಲಿದ್ದಲು ತೆಗೆಯುವುದನ್ನು ನಿಲ್ಲಿಸಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಇಂದಿಗೂ ಗಣಿಯೇ; ಒಂದು ಕಿಡಿಯೂ ಒಳಗೆ ಹೋಗುವಂತಿಲ್ಲ. ಬಳಿಕ ತಲೆಗೆ ಹೆಲ್ಮೆಟ್ಟು, ಹಣೆಯ ಮೇಲೆ ದೀಪ, ಸೊಂಟಕ್ಕೆ ದಪ್ಪ ಪಟ್ಟಿ. ಆ ಪಟ್ಟಿಯ ಒಂದು ಪಕ್ಕಕ್ಕೆ ಬ್ಯಾಟರಿ, ಇನ್ನೊಂದು ಪಕ್ಕಕ್ಕೆ ಲೋಹದ ಒಂದು ಡಬ್ಬಿ. ಗಣಿಯಲ್ಲಿ ವಿಷವಾಯು ತುಂಬಿಕೊಂಡರೆ ಆ ಡಬ್ಬಿಯೊಳಗಿನ ಸಾಧನವನ್ನು ಬಾಯಿಗೆ ಹಿಡಿದು ಉಸಿರಾಡುತ್ತ ಹೊರಬರಬೇಕು. ಇದನ್ನೆಲ್ಲ ತೊಡಿಸಿದವರು ಆ ದಿನ ನಮಗೆ ದಾರಿ ತೋರಿಸಲಿದ್ದ ಹಿರಿಯರು. ಹದಿನಾರನೆಯ ವಯಸ್ಸಿಗೆ ಗಣಿಗೆ ಇಳಿದವರು, ತಂದೆಯೂ ತಾತನೂ ಗಣಿಗಾರರೇ. ಪುಸ್ತಕ ಓದಿ ಒಪ್ಪಿಸುವ ಮಾರ್ಗದರ್ಶಕರಲ್ಲ. ಈ ಸಂಗ್ರಹಾಲಯದ ಹೆಚ್ಚುಗಾರಿಕೆಯೇ ಇದು: ಅಲ್ಲಿ ದುಡಿದವರೇ ಅಲ್ಲಿಯ ಕಥೆಯನ್ನು ಹೇಳುತ್ತಾರೆ.

ಕಬ್ಬಿಣದ ಪಂಜರವೊಂದರಲ್ಲಿ ನಮ್ಮನ್ನು ಕುರಿಗಳಂತೆ ಒತ್ತಾಗಿ ನಿಲ್ಲಿಸಿ ಬಾಗಿಲೆಳೆದರು. ಮೇಲಿನ ಗೋಪುರದಲ್ಲಿ ರಾಟೆಯ ಚಕ್ರ ತಿರುಗತೊಡಗಿತು. ಕಾಲಕೆಳಗಿನ ನೆಲ ಜಾರಿ, ಹಗಲಿನ ಬೆಳಕು ಒಂದು ಬಿಲ್ಲೆಯಷ್ಟಾಗಿ, ಆಮೇಲೆ ಅದೂ ಇಲ್ಲವಾಯಿತು. ತೊಂಬತ್ತು ಮೀಟರ್ ಇಳಿಯುವುದು ಬಹಳ ಹೊತ್ತಿನ ಮಾತಲ್ಲ. ಆದರೂ ಮೊಮ್ಮಗ ನಮ್ಮ ಕೈಯನ್ನು ಬಿಗಿಯಾಗಿ ಹಿಡಿದಿದ್ದ.

ಕೆಳಗೆ ತಂಪು, ತೇವ, ಬಂಡೆಗೋಡೆಯಿಂದ ಜಿನುಗುವ ನೀರು. ಹಾದಿಗಳು ಕೆಲವೆಡೆ ಅಗಲವಾಗಿದ್ದರೆ ಕೆಲವೆಡೆ ನಡು ಬಗ್ಗಿಸಿಯೇ ನಡೆಯಬೇಕು. ‘ತಲೆ ಜೋಕೆ’ ಎಂದು ಹಿರಿಯರು ಮುಂದಿನಿಂದ ಕೂಗುತ್ತಲೇ ಇದ್ದರು. ನಮ್ಮ ಹೆಲ್ಮೆಟ್ಟು ತೊಲೆಗೆ ಬಡಿಯುತ್ತಲೇ ಇತ್ತು. ಕಲ್ಲಿದ್ದಲ ಪದರವಿದ್ದ ಒಂದು ಕಡೆ ಅವರು ದೀಪ ಹಾಯಿಸಿ ತೋರಿಸಿದರು. ಮೇಲೂ ಬಂಡೆ, ಕೆಳಗೂ ಬಂಡೆ. ನಡುವೆ ಒಬ್ಬನು ಪಕ್ಕಕ್ಕೆ ಮಲಗಿಕೊಂಡರೆ ಮಾತ್ರ ಗುದ್ದಲಿ ಆಡಿಸಬಹುದಾದಷ್ಟು ಸಂದು. ಯಂತ್ರಗಳು ಬರುವುದಕ್ಕೆ ಮುಂಚೆ ಹಾಗೆ ಮಲಗಿಯೇ ಇಡೀ ದಿನದ ದುಡಿಮೆ. ನಮ್ಮೂರಿನಲ್ಲಿ ಬಾವಿ ತೋಡುವವರ ಕಷ್ಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಅವರ ತಲೆಯ ಮೇಲೆ ಆಕಾಶವಿರುತ್ತದೆ.

ಸ್ವಲ್ಪ ದೂರದಲ್ಲಿ ಹಾದಿಗೆ ಅಡ್ಡಲಾಗಿ ಒಂದು ಮರದ ಬಾಗಿಲು ಎದುರಾಯಿತು. ಗಣಿಯೊಳಗೆ ಬಾಗಿಲೇಕೆ? ಹಿರಿಯರ ವಿವರಣೆ ಹೀಗಿತ್ತು. ಕಲ್ಲಿದ್ದಲಿನಿಂದ ಮೀಥೇನ್ ಎಂಬ ಅನಿಲ ಸದಾ ಹೊರಸೂಸುತ್ತಿರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಐದರಿಂದ ಹದಿನೈದರ ನಡುವೆ ಬಂದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆದ್ದರಿಂದ ಒಂದು ಬಾವಿಯಿಂದ ಒಳಬಂದ ಹೊಸ ಗಾಳಿ ಗಣಿಯ ಮೂಲೆಮೂಲೆಯನ್ನೂ ಸುತ್ತಿ ಇನ್ನೊಂದು ಬಾವಿಯಿಂದ ಹೊರಹೋಗಬೇಕು. ಗಾಳಿ ಅಡ್ಡದಾರಿ ಹಿಡಿಯದಂತೆ ತಡೆಯುವುದೇ ಈ ಬಾಗಿಲುಗಳ ಕೆಲಸ. ಒಂದು ಬಾಗಿಲು ತೆರೆದೇ ಉಳಿದರೆ ಎಲ್ಲೋ ದೂರದ ಮೂಲೆಗೆ ಗಾಳಿ ತಲುಪದೆ ಅನಿಲ ಶೇಖರವಾಗುತ್ತದೆ. ಹೀಗಾಗಿ ಬಂಡಿ ಬಂದಾಗ ಹಗ್ಗವೆಳೆದು ಬಾಗಿಲು ತೆರೆಯಲು, ಹೋದೊಡನೆ ಮುಚ್ಚಲು ಒಬ್ಬರು ಅಲ್ಲಿಯೇ ಇರಬೇಕಿತ್ತು. ಬಲ ಬೇಕಿಲ್ಲದ ಕೆಲಸ. ಎಂದಮೇಲೆ ಕಡಿಮೆ ಕೂಲಿಯ ಕೆಲಸ. ಅದಕ್ಕೆ ಮಕ್ಕಳನ್ನು ಹಚ್ಚುತ್ತಿದ್ದರು.

ಇಷ್ಟು ಹೇಳಿ ಹಿರಿಯರು ಎಲ್ಲರೂ ಹಣೆಯ ದೀಪ ಆರಿಸುವಂತೆ ಕೇಳಿಕೊಂಡರು. ಒಂದೊಂದೇ ದೀಪ ಆರಿ, ಕೊನೆಯದೂ ಆರಿತು. ಅಮಾವಾಸ್ಯೆಯ ಕತ್ತಲೆಯನ್ನು ನಾವು ಹಳ್ಳಿಯಲ್ಲಿ ಕಂಡವರು. ಅದರಲ್ಲಿಯೂ ನಕ್ಷತ್ರಗಳಿರುತ್ತವೆ, ಕಣ್ಣು ಹೊಂದಿಕೊಳ್ಳುತ್ತದೆ. ಇಲ್ಲಿ ಎಷ್ಟು ಹೊತ್ತಾದರೂ ಕಣ್ಣಿಗೆ ಏನೂ ಸಿಕ್ಕಲಿಲ್ಲ. ಮುಖದ ಮುಂದೆ ಹಿಡಿದ ನಮ್ಮ ಕೈಯೇ ನಮಗೆ ಕಾಣಲಿಲ್ಲ. ಆ ಕತ್ತಲೆಯಲ್ಲಿ ಹಿರಿಯರ ಧ್ವನಿ ಮಾತ್ರ ಕೇಳಿಬಂದಿತು: ಆರು ವರ್ಷದ ಮಗು ದಿನಕ್ಕೆ ಹನ್ನೆರಡು ಗಂಟೆ ಇಲ್ಲಿ ಕೂತಿರುತ್ತಿತ್ತು.

ಇದು ಉತ್ಪ್ರೇಕ್ಷೆಯ ಮಾತಲ್ಲ. ೧೮೩೮ನೆಯ ಜುಲೈ ೪ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹಸ್ಕರ್ ಗಣಿಯಲ್ಲಿ, ಬಿರುಮಳೆಯ ನೀರು ನುಗ್ಗಿ ಇಪ್ಪತ್ತಾರು ಮಕ್ಕಳು ಸತ್ತರು. ಅವರಲ್ಲಿ ಹನ್ನೊಂದು ಮಂದಿ ಹೆಣ್ಣುಮಕ್ಕಳು. ಆಮೇಲೆ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಅದರ ಅಧಿಕಾರಿಗಳು ಗಣಿಗಳಿಗೆ ಇಳಿದು, ಮಕ್ಕಳನ್ನೇ ಪ್ರಶ್ನಿಸಿ, ಅವರ ಉತ್ತರಗಳನ್ನು ಬರೆದುಕೊಂಡರು. ೧೮೪೨ರಲ್ಲಿ ಆ ವರದಿ ಪ್ರಕಟವಾದಾಗ ದೇಶ ತಲೆತಗ್ಗಿಸಿತು. ದಕ್ಷಿಣ ವೇಲ್ಸಿನ ಭಾಗದಲ್ಲಿ ಒಂದು ಸಂಗತಿ ದಾಖಲಾಗಿದೆ. ಏಳು ವರ್ಷವೂ ತುಂಬದ ಒಬ್ಬ ಬಾಲಕಿ ಬಾಗಿಲಿನ ಬಳಿ ಬಂಡೆಯ ಅಡಿಯಲ್ಲಿ ನಿದ್ದೆಹೋಗಿದ್ದಳು. ಎಣ್ಣೆ ತೀರಿ ದೀಪ ಆರಿತ್ತು. ಎಬ್ಬಿಸಿ ಕೇಳಿದರೆ, ಇಲಿಗಳೋ ಇನ್ನಾರೋ ತನ್ನ ರೊಟ್ಟಿ ಗಿಣ್ಣನ್ನು ಒಯ್ದುಬಿಟ್ಟಿದ್ದರಿಂದ ಮಲಗಿದೆ ಎಂದಳಂತೆ. ಅದೇ ವರ್ಷ ಬಂದ ಕಾನೂನು ಹೆಂಗಸರೂ ಹೆಣ್ಣುಮಕ್ಕಳೂ ಹತ್ತು ವರ್ಷದೊಳಗಿನ ಹುಡುಗರೂ ಗಣಿಗೆ ಇಳಿಯುವುದನ್ನು ನಿಷೇಧಿಸಿತು. ಹತ್ತು ತುಂಬಿದ ಹುಡುಗರಿಗೆ ತಡೆಯಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ದೀಪ ಮತ್ತೆ ಹೊತ್ತಿದಾಗ ನಮ್ಮ ಮನೆಯವರ ಕಣ್ಣು ತೇವವಾಗಿತ್ತು. ಮೊಮ್ಮಗ ಮಾತಾಡಲಿಲ್ಲ.

ಮುಂದೆ ಕುದುರೆಲಾಯಗಳು. ಗಿಡ್ಡ ತಳಿಯ ಕುದುರೆಗಳು ವರ್ಷಗಟ್ಟಲೆ ನೆಲದೊಳಗೇ ಇದ್ದು ಬಂಡಿ ಎಳೆಯುತ್ತಿದ್ದವು. ಒಂದೊಂದು ಕುದುರೆಯ ಹೆಸರೂ ಅದರ ಕೊಟ್ಟಿಗೆಯ ಮೇಲೆ ಇದೆ. ದಿನನಿತ್ಯದ ಲೆಕ್ಕಕ್ಕಿಂತ ಒಂದು ಬಂಡಿ ಹೆಚ್ಚು ಕಟ್ಟಿದರೆ, ಕೊಂಡಿಗಳ ಸದ್ದನ್ನು ಎಣಿಸಿ ಕುದುರೆ ಹೆಜ್ಜೆ ಕಿತ್ತಿಡುತ್ತಿರಲಿಲ್ಲವೆಂದು ಗಣಿಗಾರರಲ್ಲಿ ಮಾತಿದೆ. ಮನುಷ್ಯರಿಗೆ ಹಾಗೆ ಹಟ ಹಿಡಿಯಲು ಸಂಘ ಬೇಕಾಯಿತು ಎಂದು ಹಿರಿಯರು ನಕ್ಕರು. ವಿಷವಾಯುವನ್ನು ಮೊದಲೇ ತಿಳಿಯಲು ಒಯ್ಯುತ್ತಿದ್ದ ಕ್ಯಾನರಿ ಹಕ್ಕಿಗಳ ಕಥೆ ಹಲವರಿಗೆ ಗೊತ್ತಿರಬಹುದು. ಬ್ರಿಟನ್ನಿನ ಗಣಿಗಳಲ್ಲಿ ೧೯೮೬ರವರೆಗೂ ಆ ಪದ್ಧತಿ ಇತ್ತೆಂಬುದು ನಮಗಂತೂ ಹೊಸ ಸಂಗತಿ.

ಇಷ್ಟೆಲ್ಲ ಎಚ್ಚರವಿದ್ದೂ ಸಾವುಗಳು ತಪ್ಪಲಿಲ್ಲ. ೧೯೧೩ರಲ್ಲಿ ದಕ್ಷಿಣ ವೇಲ್ಸಿನ ಗಣಿಗಳಲ್ಲಿ ೨ ಲಕ್ಷ ೩೦ ಸಾವಿರಕ್ಕೂ ಮಿಕ್ಕ ಜನ ದುಡಿದು, ಒಂದೇ ವರ್ಷದಲ್ಲಿ ಸುಮಾರು ೫ ಕೋಟಿ ೭೦ ಲಕ್ಷ ಟನ್ ಕಲ್ಲಿದ್ದಲನ್ನು ಮೇಲೆತ್ತಿದರು. ಜಗತ್ತಿನ ಹಡಗುಗಳು ಆ ಕಲ್ಲಿದ್ದಲಿನಿಂದ ಓಡಿದವು. ಅದೇ ವರ್ಷ ಅಕ್ಟೋಬರ್ ೧೪ರ ಬೆಳಿಗ್ಗೆ ಸೆಂಗೆನಿಡ್ ಎಂಬ ಊರಿನ ಗಣಿಯಲ್ಲಿ ಸ್ಫೋಟವಾಗಿ ೪೩೯ ಗಣಿಗಾರರೂ ಅವರನ್ನು ಉಳಿಸಹೋದವನೊಬ್ಬನೂ ಮಡಿದರು. ಬ್ರಿಟನ್ನಿನ ಗಣಿಗಳ ಇತಿಹಾಸದಲ್ಲಿ ಅಷ್ಟು ದೊಡ್ಡ ದುರಂತ ಇನ್ನೊಂದಿಲ್ಲ. ವಿಚಾರಣೆ ಮುಗಿದ ಮೇಲೆ ಗಣಿಯ ವ್ಯವಸ್ಥಾಪಕನಿಗೆ ವಿಧಿಸಿದ ದಂಡ ೨೪ ಪೌಂಡು. ಕಂಪನಿಗೆ ೧೦ ಪೌಂಡು. ಸತ್ತವನೊಬ್ಬನಿಗೆ ಎಷ್ಟು ಬಿತ್ತೆಂಬ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು. ಇನ್ನು ೧೯೬೬ನೆಯ ಅಕ್ಟೋಬರ್ ೨೧ರಂದು ಅಬರ್‌ಫಾನ್ ಎಂಬಲ್ಲಿ ಗಣಿಯ ತ್ಯಾಜ್ಯ ರಾಶಿ ಹಾಕಿದ್ದ ಗುಡ್ಡ ಮಳೆಗೆ ಸಡಿಲಗೊಂಡು ಶಾಲೆಯ ಮೇಲೆ ಕುಸಿಯಿತು. ಸತ್ತ ೧೪೪ ಜನರಲ್ಲಿ ೧೧೬ ಮಂದಿ ಮಕ್ಕಳು. ಗಣಿಗೆ ಇಳಿಯದ ಮಕ್ಕಳನ್ನೂ ಗಣಿ ಬಿಡಲಿಲ್ಲ.

ಇಂಥ ಆಪತ್ತುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ಮನೆಮನೆಯಲ್ಲಿ ಸದ್ದಿಲ್ಲದೆ ನಡೆದದ್ದು ಶ್ವಾಸಕೋಶದ ವ್ಯಾಧಿ. ಕಲ್ಲಿದ್ದಲ ಧೂಳು ವರ್ಷಾನುವರ್ಷ ಎದೆಯಲ್ಲಿ ಕೂತು ಉಸಿರನ್ನೇ ಕಿತ್ತುಕೊಳ್ಳುತ್ತದೆ. ಬ್ಲೇನಾವನ್ನಿಗೆ ಹತ್ತಿರದ ಟ್ರೆಡೆಗರ್ ಪಟ್ಟಣದ ಡೇವಿಡ್ ಬೆವನ್ ಎಂಬ ಗಣಿಗಾರ ಈ ವ್ಯಾಧಿಯಿಂದಲೇ ೧೯೨೫ರಲ್ಲಿ ತೀರಿಕೊಂಡನು. ಅವನ ಮಗ ಅನೈರಿನ್ ಬೆವನ್ ಹದಿಮೂರರ ಪ್ರಾಯದಲ್ಲಿ ಶಾಲೆ ಬಿಟ್ಟು ಗಣಿಗೆ ಇಳಿದಿದ್ದವನು. ಆ ಪಟ್ಟಣದ ಕೆಲಸಗಾರರು ತಮ್ಮ ಕೂಲಿಯಲ್ಲಿ ವಾರವಾರ ಕೆಲವು ಪೆನ್ನಿಗಳನ್ನು ಕೂಡಿಹಾಕಿ ವೈದ್ಯಕೀಯ ನೆರವಿನ ಸಂಘವೊಂದನ್ನು ಕಟ್ಟಿಕೊಂಡಿದ್ದರು. ವೈದ್ಯರಿಗೆ ಸಂಬಳ ಅದರಿಂದಲೇ, ಮನೆಮಂದಿಗೆಲ್ಲ ಚಿಕಿತ್ಸೆ. ಮುಂದೆ ಬ್ರಿಟನ್ನಿನ ಆರೋಗ್ಯಮಂತ್ರಿಯಾದ ಅನೈರಿನ್ ಬೆವನ್, ೧೯೪೮ನೆಯ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದಾಗ, ತನ್ನೂರಿನ ಆ ಸಂಘವನ್ನೇ ಇಡೀ ದೇಶಕ್ಕೆ ವಿಸ್ತರಿಸಿದಂತಾಯಿತು. ಅದೇ ಟ್ರೆಡೆಗರಿನಲ್ಲಿ ತರುಣ ವೈದ್ಯರಾಗಿದ್ದ ಎ. ಜೆ. ಕ್ರೋನಿನ್ ಅವರು ೧೯೩೭ರಲ್ಲಿ ‘ದಿ ಸಿಟಾಡೆಲ್’ ಕಾದಂಬರಿ ಬರೆದರು. ದೇವಾನಂದರು ಗಣಿಯೂರಿನ ಡಾಕ್ಟರರಾಗಿ ನಟಿಸಿದ ‘ತೇರೇ ಮೇರೇ ಸಪ್ನೇ’ ಎಂಬ ೧೯೭೧ರ ಹಿಂದಿ ಚಿತ್ರವನ್ನು ನೋಡಿದವರು ನಮ್ಮ ವಾಚಕರಲ್ಲಿ ಇದ್ದಾರು. ಅದಕ್ಕೆ ಆಧಾರ ಆ ಕಾದಂಬರಿಯೇ. ಎಲ್ಲಿಯ ವೇಲ್ಸು, ಎಲ್ಲಿಯ ಮುಂಬಯಿ!

ಸುಮಾರು ಒಂದು ಗಂಟೆಯ ಬಳಿಕ ಪಂಜರ ನಮ್ಮನ್ನು ಮೇಲಕ್ಕೆ ತಂದಿತು. ಮೋಡ ಮುಸುಕಿದ ಆ ಹಗಲೂ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಗುಡ್ಡದ ಮೇಲಿನ ದೊಡ್ಡ ಕಟ್ಟಡಕ್ಕೆ ನಡೆದೆವು. ಅದು ೧೯೩೯ರಲ್ಲಿ ಕಟ್ಟಿದ ಗಣಿಗಾರರ ಸ್ನಾನಗೃಹ, ಈಗ ಪ್ರದರ್ಶನಶಾಲೆ. ಕೊಳಕು ಬಟ್ಟೆಗೆ ಒಂದು ಪಕ್ಕ, ಶುಭ್ರ ಬಟ್ಟೆಗೆ ಇನ್ನೊಂದು ಪಕ್ಕ, ನಡುವೆ ನೀರಿನ ಕೊಠಡಿಗಳು. ಪುರುಷರು ಸ್ನಾನಗೃಹದಲ್ಲಿ ನೋಡುವುದೇನಿದೆಯೆಂದು ಬೇಗ ದಾಟಿಹೋಗುತ್ತಿದ್ದರು. ನಮ್ಮ ಮನೆಯವರು ಮಾತ್ರ ಅಲ್ಲಿಯೇ ನಿಂತುಬಿಟ್ಟರು. ಕಾರಣ ಕೇಳಿದರೆ, ‘ಇದು ಬರುವ ಮುಂಚೆ ನೀರು ಕಾಯಿಸುತ್ತಿದ್ದವರು ಯಾರು?’ ಎಂದರು.

ಸರಿಯಾದ ಪ್ರಶ್ನೆ. ಇಂಥ ಸ್ನಾನಗೃಹಗಳಿಲ್ಲದ ಕಾಲದಲ್ಲಿ ಗಂಡಸರು ತಲೆಯಿಂದ ಕಾಲಿನವರೆಗೆ ಕರಿಯ ಧೂಳು ಹೊತ್ತೇ ಮನೆಗೆ ಬರುತ್ತಿದ್ದರು. ಒಲೆಯ ಮುಂದೆ ತಗಡಿನ ತೊಟ್ಟಿ. ಗಂಡ ಒಂದು ಪಾಳಿ, ದೊಡ್ಡ ಮಗ ಇನ್ನೊಂದು, ಚಿಕ್ಕವನು ಮತ್ತೊಂದು ಪಾಳಿಯಲ್ಲಿದ್ದರೆ ಆ ಮನೆಯೊಡತಿಗೆ ಹಗಲಿರುಳೂ ನೀರು ಹೊರುವುದು, ಕಾಯಿಸುವುದು, ಸುರಿಯುವುದು. ತುಂಬಿದ ಪಾತ್ರೆಗಳನ್ನು ಎತ್ತಿ ಗರ್ಭಿಣಿಯರಿಗೆ ಆಗುತ್ತಿದ್ದ ಅನಾಹುತಗಳು, ಕುದಿನೀರು ಬಿದ್ದು ಸುಟ್ಟುಕೊಂಡ ಕೂಸುಗಳು! ಗಣಿಯ ಸಾವಿನ ಪಟ್ಟಿಗಳಲ್ಲಿ ಈ ಹೆಸರುಗಳು ಇರುವುದಿಲ್ಲ. ವೇಲ್ಸಿನ ಎಲಿಜಬೆತ್ ಆಂಡ್ರೂಸ್ ಎಂಬ ಮಹಿಳೆ ೧೯೧೯ರಲ್ಲಿ ಸ್ಯಾಂಕಿ ಆಯೋಗದ ಮುಂದೆ ನಿಂತು ಇದನ್ನೆಲ್ಲ ನಿವೇದಿಸಿ, ಗಣಿಯ ಬಾಯಲ್ಲಿಯೇ ಸ್ನಾನಗೃಹ ಬೇಕೆಂದು ವಾದಿಸಿದರು. ಮರುವರ್ಷ, ಟನ್ನಿಗೆ ಒಂದು ಪೆನ್ನಿಯಂತೆ ಗಣಿ ಮಾಲೀಕರಿಂದ ಪಡೆದ ಹಣದಲ್ಲಿ ಗಣಿಗಾರರ ಕಲ್ಯಾಣ ನಿಧಿ ಆರಂಭವಾಯಿತು. ಬ್ಲೇನಾವನ್ನಿನ ಮನೆಗಳಿಗೆ ಆ ಸೌಕರ್ಯ ಮುಟ್ಟಲು ಇಪ್ಪತ್ತು ವರ್ಷ ಹಿಡಿಯಿತು. ನಮ್ಮ ಅಭಿಪ್ರಾಯದಲ್ಲಿ, ಬಾವಿಯ ಕೆಳಗಿನ ಕತ್ತಲೆಯಷ್ಟೇ ಮನವಿಟ್ಟು ನೋಡಬೇಕಾದುದು ಈ ಸ್ನಾನಗೃಹ.

ಹೊರಡುವಾಗ ಹಿರಿಯರು ನಮ್ಮ ಊರನ್ನು ವಿಚಾರಿಸಿದರು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ಹೊರಗಿನಿಂದಲೇ ಅದು ಬರಬೇಕು ಎಂದೆವು. ಆದರೆ ನಮ್ಮ ಕೋಲಾರದಲ್ಲಿ ಚಿನ್ನದ ಗಣಿಗಳಿದ್ದವು, ಮೂರು ಕಿಲೋಮೀಟರಿಗೂ ಹೆಚ್ಚು ಆಳ ಎಂದಾಗ ಅವರು ಹುಬ್ಬೇರಿಸಿದರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಅಲ್ಲಿಗೆ ಹೋಗಿದ್ದನ್ನು ಅವರೂ ಕೇಳಿದ್ದರು. ಈಗ ಅದು ಹೇಗಿದೆ ಎಂದು ಕೇಳಿದರು. ೨೦೦೧ನೆಯ ಫೆಬ್ರುವರಿಯಲ್ಲಿ ಮುಚ್ಚಿತು, ನೀರೆತ್ತುವ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿದೆ ಎಂದೆವು. ಅವರು ತುಸು ಹೊತ್ತು ಸುಮ್ಮನಿದ್ದು, ‘ಅಲ್ಲಿ ಕೆಲಸ ಮಾಡಿದವರು ಇದ್ದಾರೆಯೇ?’ ಎಂದರು.

ಇದ್ದಾರೆ. ರಾಬರ್ಟ್‌ಸನ್‌ಪೇಟೆಯಲ್ಲಿ, ಆಂಡರ್ಸನ್‌ಪೇಟೆಯಲ್ಲಿ, ಚಾಂಪಿಯನ್ ರೀಫಿನ ಸಾಲುಮನೆಗಳಲ್ಲಿ ಇದ್ದಾರೆ. ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೋಲಾರದ ಆ ಆಳಕ್ಕೆ ಪ್ರವಾಸಿಗಳನ್ನು ಇಳಿಸುವುದು ಆಗದ ಮಾತೇ ಸರಿ. ಆದರೆ ಅಲ್ಲಿ ದುಡಿದ ಹಿರಿಯರ ಮಾತನ್ನು ಕೇಳಿ ಬರೆದಿಟ್ಟುಕೊಳ್ಳಲು ಯಾವ ಪಂಜರವನ್ನೂ ಹತ್ತಬೇಕಾಗಿಲ್ಲ. ಬಿಗ್ ಪಿಟ್ಟಿನಲ್ಲಿಯೂ ಇದೇ ಚಿಂತೆ. ವೇಲ್ಸಿನ ಕೊನೆಯ ಆಳಗಣಿಯಾದ ಟವರ್ ಕೋಲಿಯರಿ ೨೦೦೮ರಲ್ಲಿ ಮುಚ್ಚಿತು. ಸರ್ಕಾರ ಕೈಬಿಟ್ಟಾಗ ೨೩೯ ಗಣಿಗಾರರು ತಲಾ ೮,೦೦೦ ಪೌಂಡು ಹಾಕಿ ಕೊಂಡು, ೧೯೯೫ರಿಂದ ತಾವೇ ನಡೆಸಿದ ಗಣಿ ಅದು. ೨೦೧೫ರಲ್ಲಿ ಬ್ರಿಟನ್ನಿನ ಕೊನೆಯ ಆಳಗಣಿಯೂ, ೨೦೨೪ರ ಸೆಪ್ಟೆಂಬರಿನಲ್ಲಿ ಕಲ್ಲಿದ್ದಲಿನ ಕೊನೆಯ ವಿದ್ಯುತ್ ಸ್ಥಾವರವೂ ನಿಂತವು. ಇನ್ನು ಹೊಸ ಗಣಿಗಾರರು ಎಲ್ಲಿಂದ ಬರಬೇಕು? ಇಂದು ಕತ್ತಲೆಯಲ್ಲಿ ನಿಂತು ತಮ್ಮ ತಂದೆಯ ಕೆಮ್ಮಿನ ವಿಷಯ ಹೇಳುವವರು ಹೋದಮೇಲೆ, ಆ ಮಾತನ್ನು ಬೇರೆಯವರು ಬಾಯಿಪಾಠ ಮಾಡಿ ಹೇಳಬೇಕಾದೀತು.

ಪ್ರದರ್ಶನಶಾಲೆಯ ಗಾಜಿನ ಪೆಟ್ಟಿಗೆಯ ಮುಂದೆ ಮೊಮ್ಮಗ ನಿಂತಿದ್ದ. ಒಳಗೆ ತಗಡಿನ ಒಂದು ಬುತ್ತಿ ಡಬ್ಬಿ, ಬ್ರೆಡ್ಡಿನ ತುಂಡಿನಂತೆಯೇ ಮೇಲ್ಭಾಗ ದುಂಡಗೆ. ಇಲಿಗಳು ಬುತ್ತಿ ಕದಿಯದಂತೆ ಗಣಿಗಾರರು ಇದನ್ನು ಇಟ್ಟುಕೊಳ್ಳುತ್ತಿದ್ದರೆಂದು ಅಳಿಯಂದಿರು ಓದಿ ಹೇಳಿದರು.

‘ಅಜ್ಜಾ, ಆ ಹುಡುಗಿಯ ಹತ್ತಿರ ಇದು ಇರಲಿಲ್ಲವೇ?’ ಎಂದ.

ಇಂಥ ಡಬ್ಬಿಗಳು ಬಂದದ್ದು ಅವಳ ಕಾಲಕ್ಕಿಂತ ಬಹಳ ತಡವಾಗಿ ಎಂದು ಹೇಳಿದೆವು. ಅವನು ಇನ್ನೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ ನಮ್ಮ ಜೊತೆ ಕಾರಿನ ಕಡೆಗೆ ನಡೆದ.